ಲುಸರ್ನ್‌ನಲ್ಲಿ ಮೂರು ದಿನ: ಅಮ್ಮನಿಗೆ ಮಂಡಿನೋವು, ಅಪ್ಪನಿಗೆ ಯಂತ್ರದ ಹುಚ್ಚು, ಸಲಹೆ ಬೇಕು

ಹೊಳೆಬಾಗಿಲು:
ಎಲ್ಲರಿಗೂ ನಮಸ್ಕಾರ. ನಾನಿರೋದು ಮ್ಯೂನಿಕ್‌ನಲ್ಲಿ, ಊರು ಸಾಗರದ ಹತ್ತಿರ. ಅಪ್ಪ ಅಮ್ಮ ಎರಡು ತಿಂಗಳಿಗೆ ಬರ್ತಿದ್ದಾರೆ. ಸೆಪ್ಟೆಂಬರ್ ಕೊನೆಗೆ ಗುರುವಾರದಿಂದ ಭಾನುವಾರದವರೆಗೆ ನನಗೆ ರಜೆ ಇದೆ. ಸ್ವಿಟ್ಜರ್ಲ್ಯಾಂಡ್ ನೋಡಬೇಕು ಅನ್ನೋದು ಅಮ್ಮನ ಬಹಳ ವರ್ಷದ ಆಸೆ.

ಕಳೆದ ಸಲ ಬಂದಾಗ ಪ್ಯಾರಿಸ್‌ಗೆ ಕರ್ಕೊಂಡು ಹೋಗಿದ್ದೆ. ಮೂರು ದಿನಕ್ಕೆ ಹದಿನಾಲ್ಕು ಜಾಗ ಅಂತ ಪಟ್ಟಿ ಮಾಡಿದವಳು ನಾನೇ. ಮೂರನೇ ದಿನ ಮಧ್ಯಾಹ್ನ ಅಮ್ಮ ಮೆಟ್ರೋ ಮೆಟ್ಟಿಲ ಮೇಲೆ ಕೂತು, "ನೀವಿಬ್ರೂ ನೋಡ್ಕೊಂಡು ಬನ್ನಿ, ನಾನಿಲ್ಲೇ ಚೀಲ ಕಾಯ್ತಿರ್ತೀನಿ" ಅಂದ್ರು. ಆ ಮಾತು ಇನ್ನೂ ಚುಚ್ಚುತ್ತೆ.

ಅಮ್ಮ ಸಮತಟ್ಟಾದ ದಾರಿಯಲ್ಲಿ ಅರ್ಧ ಗಂಟೆ ಆರಾಮಾಗಿ ನಡೀತಾರೆ. ಮೆಟ್ಟಿಲು, ಅದರಲ್ಲೂ ಇಳಿಜಾರು, ಆಗಲ್ಲ. ಅಪ್ಪ ಜೋಗದ ಪವರ್ ಹೌಸ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ತಿರುಗೋ ಚಕ್ರ ಕಂಡರೆ ಅಲ್ಲೇ ನಿಂತುಬಿಡ್ತಾರೆ, ಎಳ್ಕೊಂಡು ಬರಬೇಕು. ಇಬ್ಬರೂ ಸಸ್ಯಾಹಾರಿ, ಅಮ್ಮ ಮೊಟ್ಟೆನೂ ಮುಟ್ಟಲ್ಲ. ಕೆರೆ ದಂಡೆಯ ಒಂದೇ ಊರಲ್ಲಿ ತಂಗಿ ನಿಧಾನಕ್ಕೆ ಓಡಾಡೋಣ ಅಂತ ಲುಸರ್ನ್ ಯೋಚಿಸಿದೀನಿ. ಎಲ್ಲಿ ಉಳಿಯೋದು, ಯಾವ ಪಾಸ್, ಏನು ಬಿಡಬೇಕು? ನೋಡೋದಕ್ಕಿಂತ ಬಿಡೋದರ ಸಲಹೆಯೇ ಹೆಚ್ಚು ಬೇಕು.

ಕಾಲಿಗೆಚಕ್ರ:
ಮೂರು ದಿನ ಬೇಕಾದಷ್ಟಾಯ್ತು! ಶುಕ್ರವಾರ ಬೆಳಿಗ್ಗೆ ರೈನ್ ಜಲಪಾತ, ಮಧ್ಯಾಹ್ನ ಜ್ಯೂರಿಕ್, ರಾತ್ರಿ ಲುಸರ್ನ್. ಶನಿವಾರ ಮೊದಲ ರೈಲಿಗೇ ಟಿಟ್ಲಿಸ್ ಹಿಮಬೆಟ್ಟ, ಸಂಜೆ ಇಂಟರ್‌ಲಾಕೆನ್. ಭಾನುವಾರ ಯುಂಗ್‌ಫ್ರೌ ಮುಗಿಸಿ ಹಾಗೇ ವಾಪಸ್. ನಾವು ಹೀಗೇ ಮಾಡಿದ್ವಿ, ಒಂದೂ ಮಿಸ್ ಆಗಲಿಲ್ಲ. ಅಷ್ಟು ದುಡ್ಡು ಕೊಟ್ಟು ಹೋಗಿ ಕೆರೆ ದಂಡೆಯಲ್ಲಿ ಕೂತು ಬರ್ತೀರಾ?

ಖಡಕ್‌ರೊಟ್ಟಿ:
ಅಣ್ಣಾರ, ಅವ್ವಗ ಮಂಡಿ ನೋವೈತಿ ಅಂತ ಆ ತಂಗಿ ಮೊದಲs ಬರದಾಳ. ನೀವು ಕೊಟ್ಟಿದ್ದು ಮಿಲಿಟರಿ ಭರ್ತಿ ಪಟ್ಟಿ ಆತು. ನಾ ಬಾಸೆಲ್‌ನ್ಯಾಗ ಇರ್ತೀನಿ, ಊರಿಂದ ಬಂದವರಿಗೆಲ್ಲ ನಂದs ಡ್ಯೂಟಿ, ಅದಕ್ಕ ಗೊತ್ತು. ಲುಸರ್ನ್‌ದಿಂದ ಯುಂಗ್‌ಫ್ರೌ ಬೆಟ್ಟದ ಸ್ಟೇಷನ್ ಯುಂಗ್‌ಫ್ರೌಯೋಕ್‌ಗೆ ಒಂದ್ ಕಡಿಗೇ ಮೂರು ತಾಸಿನ ಮ್ಯಾಲ. ರೈಲು ಬದಲಿ ಮಾಡೋದು, ಕೇಬಲ್ ಕಾರು ಹತ್ತೋದು, ಮತ್ತ ರೈಲು. ಮ್ಯಾಲ ಹೋದ್ರ 3,454 ಮೀಟರ್ ಎತ್ತರ. ಬಿಪಿ ಇದ್ದ ಹಿರಿಯರಿಗೆ ಉಸಿರು ಹಿಡದಂಗ ಆಗತೈತಿ, ಡಾಕ್ಟರನ್ನ ಕೇಳದs ಕರ್ಕೊಂಡ್ ಹೋಗಬಾರದು.

ಇನ್ನ ರೈನ್ ಜಲಪಾತ. ಅವರಪ್ಪ ಜೋಗದಾಗ ನೌಕರಿ ಮಾಡಿದವರು ರೀ. 253 ಮೀಟರ್ ನೋಡಿದ ಕಣ್ಣಿಗೆ 23 ಮೀಟರ್ ತೋರಿಸಿದ್ರ ಏನಂತಾರ?

ಕಾಲಿಗೆಚಕ್ರ:
ಎತ್ತರ ಒಂದೇ ನೋಡಬೇಡಿ ಸರ್. ರೈನ್ 150 ಮೀಟರ್ ಅಗಲ, ಬೇಸಿಗೆಯಲ್ಲೂ ತುಂಬಿ ಬೀಳುತ್ತೆ. ಏಪ್ರಿಲ್‌ನಲ್ಲಿ ಜೋಗಕ್ಕೆ ಹೋಗಿದೀರಾ?

ಖಡಕ್‌ರೊಟ್ಟಿ:
ಇದು ಮಾತ್ರ ಒಪ್ಪಿದೆ. 😄

ರಾಯ್ಸ್‌ದಂಡೆ:
ನಾನು ಪುತ್ತೂರಿನವ, ಲುಸರ್ನ್‌ನಲ್ಲಿ ಒಂಬತ್ತು ವರ್ಷ ಆಯ್ತು. ಸ್ವಲ್ಪ ಉದ್ದ ಬರೀತೇನೆ, ಚಾ ಮಾಡ್ಕೊಂಡು ಕೂತ್ಕೊಳ್ಳಿ.

ನಿಮ್ಮ ಆಯ್ಕೆ ಸರಿ ಉಂಟು. ಕಾರಣ ಈ ಊರಿನ ಚಂದ ಅಲ್ಲ, ಇದರ ರೈಲು ನಿಲ್ದಾಣ. ಹಳಿಗಳೆಲ್ಲ ಇಲ್ಲೇ ಬಂದು ಮುಗೀತವೆ. ಹಾಗಾಗಿ ರೈಲು ಇಳಿದು ನೇರ ನಡೆದರೆ ಒಂದು ಮೆಟ್ಟಿಲೂ ಇಲ್ಲದೆ ರಸ್ತೆಗೆ ಬರ್ತೀರಿ. ಎದುರಿಗೆ ಒಂಟಿಯಾಗಿ ನಿಂತ ಕಲ್ಲಿನ ಕಮಾನು ಕಾಣ್ತದೆ. 1971ರಲ್ಲಿ ಬೆಂಕಿ ಬಿದ್ದು ಹಳೆ ನಿಲ್ದಾಣ ಹೋಯ್ತು, ಅದರ ಬಾಗಿಲು ಮಾತ್ರ ಉಳಿದದ್ದು. ಅದರ ಆಚೆಗೇ ಹಡಗುಕಟ್ಟೆ. ರೈಲಿನಿಂದ ಹಡಗಿಗೆ ನಿಮ್ಮ ಅಮ್ಮನ ನಡಿಗೆಯಲ್ಲಿ ಐದಾರು ನಿಮಿಷ. ಮಂಡಿನೋವಿನವರಿಗೆ ಇಷ್ಟು ಅನುಕೂಲದ ಊರು ಈ ದೇಶದಲ್ಲಿ ಬೇರೆ ಉಂಟಾ ನಂಗೆ ಗೊತ್ತಿಲ್ಲ.

ಹೋಟೆಲು ನಿಲ್ದಾಣದ ಬದಿಯ ಹೊಸ ಪೇಟೆಯಲ್ಲೇ ಹಿಡೀರಿ. ನದಿಯ ಆಚೆ ಹಳೆ ಪೇಟೆ ಫೋಟೋದಲ್ಲಿ ಚಂದ, ಆದ್ರೆ ಕಲ್ಲು ಹಾಸಿದ ಓಣಿಯಲ್ಲಿ ಸೂಟ್‌ಕೇಸ್ ಎಳೆದವನಿಗೆ ಅದರ ಕಷ್ಟ ಗೊತ್ತು. ಬುಕ್ ಮಾಡುವ ಮೊದಲು ಲಿಫ್ಟ್ ಉಂಟಾ ಅಂತ ಬರೆದೇ ಕೇಳಿ. ಹೋಟೆಲಿನಲ್ಲಿ ಉಳಿದವರಿಗೆ ವಿಸಿಟರ್ ಕಾರ್ಡ್ ಕೊಡ್ತಾರೆ, ಅದರಲ್ಲಿ ಊರೊಳಗಿನ ಬಸ್ಸು ಪುಕ್ಕಟೆ. ತುಂಬ ಜನ ಅದನ್ನು ಕೇಳದೆ ಟಿಕೆಟ್ ತಗೊಳ್ತಾರೆ.

ಈಗ ನೀರಿನ ವಿಷಯ. ಕೆರೆ ಅಂತ ನಾವು ಹೇಳುವುದು, ಆದ್ರೆ 114 ಚದರ ಕಿಲೋಮೀಟರ್, ಬೆಟ್ಟಗಳ ಸಂದಿಯಲ್ಲಿ ಕೈಕಾಲು ಚಾಚಿ ಮಲಗಿದ ಹಾಗೆ ಉಂಟು. ಉರಿ, ಶ್ವೀಟ್ಸ್, ಉಂಟರ್‌ವಾಲ್ಡೆನ್, ಲುಸರ್ನ್ ಈ ನಾಲ್ಕು ಸೀಮೆಗಳ ಸರೋವರ ಅಂತಲೇ ಅದಕ್ಕೆ ಜರ್ಮನ್ ಹೆಸರು. ಇಲ್ಲಿ ಇನ್ನೂ ಐದು ಉಗಿ ಹಡಗುಗಳು ಓಡ್ತವೆ, ಬದಿಯಲ್ಲಿ ದೊಡ್ಡ ಚಕ್ರ ತಿರುಗಿಸಿಕೊಂಡು. ಅತಿ ಹಳೆಯದು 1901ರದ್ದು, ಕೊನೆಯದು 1928ರದ್ದು. ಎಲ್ಲಾ ಟ್ರಿಪ್ಪಿಗೂ ಉಗಿ ಹಡಗು ಬರುವುದಿಲ್ಲ, ವೇಳಾಪಟ್ಟಿಯಲ್ಲಿ ಗುರುತು ಹಾಕಿರ್ತಾರೆ, ಅದನ್ನು ನೋಡಿ ಹೊರಡಿ. ನಡುವಿನಲ್ಲಿ ಇಂಜಿನ್ ಕೋಣೆ ಮುಚ್ಚಿಲ್ಲ. ಕಂಬಿ ಹಿಡಿದು ಬಗ್ಗಿದರೆ ಪಿಸ್ಟನ್ ಹೋಗಿ ಬರುವುದು, ಎಣ್ಣೆ ಹಾಕುವವರು ಓಡಾಡುವುದು ಎಲ್ಲಾ ಕಾಣ್ತದೆ. ನಿಮ್ಮ ಅಪ್ಪನನ್ನು ಅಲ್ಲಿ ಬಿಟ್ಟು ನೀವು ಅಮ್ಮ ಮೇಲೆ ಹೋಗಿ ಕೂತ್ಕೊಳ್ಳಿ.

ಪೂರ್ತಿ ಕೆರೆಯ ಆಚೆ ತುದಿಯ ಊರು ಫ್ಲುಎಲೆನ್‌ವರೆಗೆ ಹೋದರೆ ಒಂದು ಕಡೆಗೆ ಎರಡೂ ಮುಕ್ಕಾಲು ಗಂಟೆ. ಹೋಗುವಾಗ ಹಡಗು, ಬರುವಾಗ ರೈಲು. ಒಂದು ದಿನಕ್ಕೆ ಅದೇ ಸಾಕು ಮಾರಾಯ್ರೆ.

ಹೊಳೆಬಾಗಿಲು:
ಇಂಜಿನ್ ಕೋಣೆ ತೆರೆದಿರುತ್ತಾ! ಅಪ್ಪನಿಗೆ ಈಗಲೇ ಹೇಳಲ್ಲ. ಒಂದಾದರೂ ಬೆಟ್ಟ ಹತ್ತಿಸಬೇಕು ಅಂತಿದೆ. ರಿಗಿ ಮಾಡಬಹುದಾ?

ರಾಯ್ಸ್‌ದಂಡೆ:
ರಿಗಿಯೇ ಮಾಡಿ. 1,800 ಮೀಟರ್ ಸಮೀಪ, ಉಸಿರಿನ ತೊಂದರೆ ಇಲ್ಲ. ಹಡಗಿನಲ್ಲಿ ಒಂದು ಗಂಟೆ ಹೋಗಿ ವಿಟ್ಸ್‌ನೌದಲ್ಲಿ ಇಳಿದರೆ ಕಟ್ಟೆಯ ಪಕ್ಕದಲ್ಲೇ ಹಲ್ಲುಚಕ್ರದ ರೈಲು ನಿಂತಿರ್ತದೆ. 1871ರಲ್ಲಿ ಶುರುವಾದ ಹಳಿ, ಯುರೋಪಿನಲ್ಲಿ ಬೆಟ್ಟ ಹತ್ತಿದ ಮೊದಲನೇ ಹಲ್ಲುಚಕ್ರದ ರೈಲು ಅದು.

ಒಂದು ಎಚ್ಚರಿಕೆ. ಎಲ್ಲರೂ ಹೇಳುವ ಸುತ್ತು ಹೀಗೆ: ವಿಟ್ಸ್‌ನೌದಿಂದ ಹತ್ತಿ, ಬರುವಾಗ ನಡುದಾರಿಯ ಕಾಲ್ಟ್‌ಬಾಡ್ ನಿಲ್ದಾಣದಿಂದ ಕೇಬಲ್ ಕಾರಿನಲ್ಲಿ ವೆಗ್ಗಿಸ್‌ಗೆ ಇಳಿಯುವುದು. ನೋಟ ಚಂದ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ವೆಗ್ಗಿಸ್‌ನಲ್ಲಿ ಕೇಬಲ್ ಕಾರು ಇಳಿಯುವ ಜಾಗ ಮೇಲುಂಟು, ಹಡಗುಕಟ್ಟೆ ಕೆಳಗುಂಟು. ಹತ್ತು ಹದಿನೈದು ನಿಮಿಷ ಇಳಿಜಾರಿನಲ್ಲಿ ನಡೀಬೇಕು. ನಿಮ್ಮ ಅಮ್ಮನಿಗೆ ಅದೇ ಆಗದ್ದು. ಹೋದ ದಾರಿಯಲ್ಲೇ ವಾಪಸ್ ಬನ್ನಿ. ಮೇಲೆ ಸ್ಟೇಷನ್‌ನಿಂದ ತುತ್ತತುದಿಗೂ ಸ್ವಲ್ಪ ಏರು ಉಂಟು. ಅಮ್ಮ ಬೆಂಚಿನಲ್ಲಿ ಕೂತರೂ ಕಾಣಬೇಕಾದ್ದು ಕಾಣ್ತದೆ.

ಇಲ್ಲಿನ ಇನ್ನೊಂದು ಬೆಟ್ಟ ಪಿಲಾಟುಸ್‌ಗೆ ಹೋಗುವ ಹಲ್ಲುಚಕ್ರದ ರೈಲು 1889ರದ್ದು, ಕೆಲವು ಕಡೆ ನೂರು ಅಡಿಗೆ 48 ಅಡಿ ಏರ್ತದೆ, ಜಗತ್ತಿನಲ್ಲಿ ಅಷ್ಟು ಕಡಿದಾದದ್ದು ಬೇರೆ ಇಲ್ಲ. ಇಂಜಿನಿಯರಿಂಗ್ ಲೆಕ್ಕದಲ್ಲಿ ಅಪ್ಪನಿಗೆ ಅದೇ ಹಬ್ಬ. ಆದ್ರೆ ಬೋಗಿಯ ಒಳಗೇ ಮೆಟ್ಟಿಲು, ಸ್ಟೇಷನ್‌ನಲ್ಲೂ ಮೆಟ್ಟಿಲು. ಬಿಟ್ಟುಬಿಡಿ.

ಬಸವನಹುಳು:
ಹೆಸರೇ ಹೇಳುತ್ತೆ ನಾನು ಯಾವ ಪಂಗಡ ಅಂತ. ಅತ್ತೆಯವರ ಜೊತೆ ಎರಡು ವರ್ಷದ ಹಿಂದೆ ಹೋಗಿದ್ದೆ, ನಾನು ಎಡವಿದ ಜಾಗಗಳನ್ನಷ್ಟೇ ಹೇಳ್ತೀನಿ.

ಮೊದಲನೆಯದು ಫೋನು. ಜರ್ಮನಿಯ ಸಿಮ್ ಫ್ರಾನ್ಸ್, ಇಟಲಿ ಎಲ್ಲ ಕಡೆ ನಡೆದಿತ್ತಲ್ಲ, ಇಲ್ಲೂ ನಡೆಯುತ್ತೆ ಅಂದ್ಕೊಂಡೆ. ಸ್ವಿಟ್ಜರ್ಲ್ಯಾಂಡ್ ಷೆಂಗೆನ್‌ನಲ್ಲಿದೆ, ಆದರೆ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ. ವೀಸಾ ಒಂದೇ ಸಾಕು, ರೋಮಿಂಗ್ ನಿಯಮ ಬೇರೆ. ಅತ್ತೆ ಹಡಗಿನಿಂದ ಮೈಸೂರಿಗೆ ವಿಡಿಯೋ ಕಾಲ್ ಹಚ್ಚಿ ಇಡೀ ಬೀದಿಗೆ ಬೆಟ್ಟ ತೋರಿಸಿದ್ರು. ಆಮೇಲೆ ಬಂದ ಬಿಲ್ಲಿನಲ್ಲಿ ಇನ್ನೊಂದು ರಾತ್ರಿ ಹೋಟೆಲಲ್ಲಿ ಇರಬಹುದಿತ್ತು. ನಿಮ್ಮ ಪ್ಲಾನ್‌ನಲ್ಲಿ ಸ್ವಿಟ್ಜರ್ಲ್ಯಾಂಡ್ ಸೇರಿದೆಯಾ ಅಂತ ಹೊರಡೋ ಮುಂಚೆ ನೋಡಿ.

ಎರಡನೆಯದು ಪ್ಲಗ್ಗು. ಜರ್ಮನಿಯ ದಪ್ಪ ದುಂಡನೆ ಪ್ಲಗ್ ಅಲ್ಲಿನ ಸಾಕೆಟ್‌ಗೆ ಹೋಗಲ್ಲ. ಮೊಬೈಲ್ ಚಾರ್ಜರಿನ ಎರಡು ಸಣ್ಣ ದುಂಡು ಕಡ್ಡಿಯ ಚಪ್ಪಟೆ ಪ್ಲಗ್ ಹೋಗುತ್ತೆ. ನಾವು ಬಿಸಿನೀರಿನ ಕೆಟಲ್, ಹುರಿದ ಉಪ್ಪಿಟ್ಟಿನ ಪುಡಿ ಎಲ್ಲಾ ಹೊತ್ಕೊಂಡು ಹೋಗಿ, ಕೆಟಲ್ ಕೈಯಲ್ಲಿ ಹಿಡ್ಕೊಂಡು ಗೋಡೆ ನೋಡ್ತಾ ನಿಂತಿದ್ವಿ.

ಮೂರನೆಯದು, ಮ್ಯೂನಿಕ್‌ನಿಂದ ಜ್ಯೂರಿಕ್ ರೈಲು ಆಸ್ಟ್ರಿಯಾದ ಮೂಲಕ ಹಾದು ಹೋಗುತ್ತೆ, ಸುಮಾರು ಮೂರೂವರೆ ಗಂಟೆ. ಪಾಸ್‌ಪೋರ್ಟ್ ಸೂಟ್‌ಕೇಸಿನ ತಳದಲ್ಲಿ ಇಡಬೇಡಿ, ತಪಾಸಣೆಗೆ ಬಂದಾಗ ರವಿಕೆ ಸೀರೆ ಎಲ್ಲ ಹೊರಗೆ ತೆಗೆಯೋ ಫಜೀತಿ.

ಮೊಸರನ್ನ:
ಊಟದ ವಿಷಯ ಯಾರೂ ಎತ್ತಿಲ್ಲ. ಚೀಸ್ ತಿನ್ನೋ ಮುಂಚೆ ಒಂದು ಮಾತು. ಗ್ರುಯೇರ್‌ನಂಥ ಸಾಂಪ್ರದಾಯಿಕ ಚೀಸ್‌ಗೆ ಹಾಲು ಒಡೆಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. "ವೆಜಿಟೇರಿಯನ್" ಅಂತ ಬರೆದ ಮಾತ್ರಕ್ಕೆ ಅದಿಲ್ಲ ಅಂತಲ್ಲ.

ಕಾಲಿಗೆಚಕ್ರ:
ಶುರುವಾಯ್ತು. ಹಾಗೆ ನೋಡ್ತಾ ಹೋದ್ರೆ ನೀರು ಕುಡ್ಕೊಂಡು ಬರಬೇಕು.

ಮೊಸರನ್ನ:
ನೀರು ಒಳ್ಳೇದೇ ಇದೆ ಸರ್, ಬೀದಿ ಕಾರಂಜಿಯಲ್ಲೇ ಹಿಡಿದು ಕುಡಿಬಹುದು. ಹಿರಿಯರಿಗೆ ತಿಳಿಸಿ, ತಿನ್ನೋದು ಬಿಡೋದು ಅವರಿಷ್ಟ. ತಿಂದ ಮೇಲೆ ಗೊತ್ತಾಗಿ ನಮ್ಮತ್ತೆ ಎರಡು ದಿನ ಮಾತಾಡಲಿಲ್ಲ, ಅದಕ್ಕೆ ಹೇಳಿದ್ದು.

ಖಡಕ್‌ರೊಟ್ಟಿ:
ಊಟಕ್ಕ ಭಾಳ ತಲಿ ಕೆಡಿಸ್ಕೊಬ್ಯಾಡ್ರಿ. ಲುಸರ್ನ್ ಸ್ಟೇಷನ್ ಕಟ್ಟಡದಾಗs ಟಿಬಿಟ್ಸ್ ಅಂತ ಸಸ್ಯಾಹಾರದ ಹೋಟೆಲ್ ಐತಿ. ಬೇಕಾದ್ದು ತಾಟಿನ್ಯಾಗ ಹಾಕ್ಕೊಂಡು ತೂಕ ಮಾಡಿಸಿ ರೊಕ್ಕ ಕೊಡೋದು. ಹೊರಗ ರೋಸ್ಟಿ ಅಂದ್ರ ಆಲೂಗಡ್ಡಿ ತುರದು ಬಂಗಾರ ಬಣ್ಣ ಬರೂತನಕ ಹುರದದ್ದು, ಅವ್ವಗ ಸೇರತೈತಿ. "ಓನೆ ಶ್ಪೆಕ್" ಅನ್ರಿ, ಹಂದಿ ಮಾಂಸದ ಚೂರು ಹಾಕಬ್ಯಾಡ್ರಿ ಅಂತ ಅರ್ಥ. ಸೂಪ್ ತರಕಾರಿದ ಇದ್ರೂ ನೀರು ಮಾಂಸದ್ದಿರಬಹುದು, ಕೇಳ್ರಿ. ಭಾನುವಾರ ಊರೆಲ್ಲ ಅಂಗಡಿ ಬಂದ್, ಸ್ಟೇಷನ್ ಅಂಗಡಿ ಅಷ್ಟs ತಗದಿರ್ತಾವ. ಬ್ರೆಡ್ಡು, ಮೊಸರು, ಹಣ್ಣು ಅಲ್ಲೇ ಸಿಗತೈತಿ. ಚಟ್ನಿಪುಡಿ ನೀವು ತರೋದು.

ಹೊಳೆಬಾಗಿಲು:
ಶೇಂಗಾ ಚಟ್ನಿಪುಡಿ ಅಮ್ಮನ ಕೈಚೀಲದಲ್ಲಿ ಪಾಸ್‌ಪೋರ್ಟ್‌ಗಿಂತ ಮೊದಲು ಹೋಗಿ ಕೂತಿರುತ್ತೆ. ಪಾಸ್ ವಿಷಯ ಹೇಳಿ. ಸ್ವಿಸ್ ಟ್ರಾವೆಲ್ ಪಾಸ್ ಎಲ್ಲರೂ ತಗೊಳ್ಳಿ ಅಂತಾರೆ.

ರಾಯ್ಸ್‌ದಂಡೆ:
ದಿನಾ ಊರಿಂದೂರಿಗೆ ಓಡುವವರಿಗೆ ಅದು ಸರಿ. ಅದರಲ್ಲಿ ಹಡಗು, ರಿಗಿ ಎರಡೂ ಸೇರಿವೆ ಅನ್ನುವುದು ನಿಜ. ಆದ್ರೆ ನೀವು ಮ್ಯೂನಿಕ್‌ನಿಂದ ಲುಸರ್ನ್‌ವರೆಗೆ ಒಂದೇ ಟಿಕೆಟ್ ಮೊದಲೇ ಮಾಡಿಸಿದ್ರೆ, ಉಳಿದದ್ದು ಒಂದು ದಿನ ಹಡಗು, ಒಂದು ದಿನ ರಿಗಿ. ಊರ ಬಸ್ಸಿಗೆ ಹೋಟೆಲಿನ ಕಾರ್ಡ್ ಉಂಟು. ಟೆಲ್ ಪಾಸ್ ಅಂತ ಈ ಸೀಮೆಗೇ ಬೇರೆ ಉಂಟು, ಎರಡು ದಿನದ್ದರಿಂದ ಸಿಗ್ತದೆ, ಹಡಗು, ಬೆಟ್ಟದ ರೈಲು ಎಲ್ಲಾ ಬರ್ತದೆ. ಆ ಎರಡು ದಿನದ ಬಿಡಿ ಟಿಕೆಟ್ ಲೆಕ್ಕ ಹಾಕಿ, ಎರಡು ದಿನದ ಟೆಲ್ ಪಾಸ್ ಜೊತೆ ತಾಳೆ ನೋಡಿ. ಒಂದು ಮಾತು ನೆನಪಿಡಿ: ದುಡ್ಡು ಕೊಟ್ಟಾಯ್ತಲ್ಲ ಅಂತ ಇನ್ನೊಂದು ಬೆಟ್ಟಕ್ಕೆ ಎಳೆಯುವುದು ಈ ಪಾಸುಗಳೇ.

ಮಳೆ ಬಂದರೆ ಹೆದರಬೇಡಿ. ಟ್ರಾನ್ಸ್‌ಪೋರ್ಟ್ ಮ್ಯೂಸಿಯಂಗೆ ಹೋಗಿ, 1959ರಿಂದ ಉಂಟು. ರೈಲು, ವಿಮಾನ, ಹಡಗು ರಾಶಿ ಹಾಕಿದ್ದಾರೆ. ಅಪ್ಪ ಸಂಜೆವರೆಗೆ ಹೊರಗೆ ಬರಲಿಕ್ಕಿಲ್ಲ, ಜೋಪಾನ.

ಊರೊಳಗೆ ನೋಡಲಿಕ್ಕೆ ಒಂದು ಅರ್ಧ ದಿನ ಇಡಿ. ಮರದ ಚಾಪೆಲ್ ಸೇತುವೆ ಎಲ್ಲರಿಗೂ ಗೊತ್ತು. ಅದು 14ನೇ ಶತಮಾನದ್ದು, ಆದ್ರೆ 1993ರ ಆಗಸ್ಟ್ 17-18ರ ನಡುರಾತ್ರಿ ಹೊತ್ತಿ ಉರಿದು, ಎಂಟೇ ತಿಂಗಳಲ್ಲಿ ಮತ್ತೆ ಕಟ್ಟಿ ತೆರೆದರು. ಮಾಡಿನ ತ್ರಿಕೋನದಲ್ಲಿದ್ದ 17ನೇ ಶತಮಾನದ ಚಿತ್ರಗಳಲ್ಲಿ ಹೆಚ್ಚಿನವು ಹೋದವು. ನಡೆಯುವಾಗ ತಲೆ ಎತ್ತಿ ನೋಡಿ, ಕೆಲವು ತ್ರಿಕೋನ ಖಾಲಿ ಉಂಟು.

ನನಗೆ ಹೆಚ್ಚು ಇಷ್ಟ ಕೆಳಗಿನ ಸ್ಪ್ರಾಯರ್ ಸೇತುವೆ. ಸ್ಪ್ರಾಯ್ ಅಂದ್ರೆ ಹೊಟ್ಟು. ಹಿಂದೆ ನದಿಗೆ ಹೊಟ್ಟು, ತರಗೆಲೆ ಹಾಕಲಿಕ್ಕೆ ಅದೊಂದೇ ಸೇತುವೆಯಲ್ಲಿ ಬಿಡ್ತಿದ್ದರಂತೆ, ಊರಿನ ಕಟ್ಟಕಡೆಯ ಸೇತುವೆ ಅದಾದ ಕಾರಣ. ಒಳಗೆ 'ಸಾವಿನ ಕುಣಿತ'ದ ಚಿತ್ರಗಳು, ರಾಜ, ಪಾದ್ರಿ, ಮದುಮಗಳು ಎಲ್ಲರ ಪಕ್ಕ ಒಂದೊಂದು ಎಲುಬುಗೂಡು. ಅಮ್ಮನಿಗೆ ಹೇಳಿಯೇ ಕರ್ಕೊಂಡು ಹೋಗಿ. ಅದರ ಪಕ್ಕದಲ್ಲಿ ಅಪ್ಪನಿಗೆ ಒಂದು ಅಣೆಕಟ್ಟು ಉಂಟು, 19ನೇ ಶತಮಾನದ್ದು. ಸೂಜಿ ಅಣೆಕಟ್ಟು ಅಂತಾರೆ. ನೆಟ್ಟಗೆ ನಿಲ್ಲಿಸಿದ ಮರದ ಹಲಗೆಗಳನ್ನು ಕೈಯಲ್ಲೇ ತೆಗೆದು, ಹಾಕಿ ಇಡೀ ಸರೋವರದ ಮಟ್ಟ ಕಾಯ್ತಾರೆ. ನಮ್ಮೂರಿನ ಕಿಂಡಿ ಅಣೆಕಟ್ಟಿಗೆ ಮಳೆ ಮುಗಿದ ಮೇಲೆ ಹಲಗೆ ಇಳಿಸ್ತಾರಲ್ಲ, ಅದರದೇ ಅಣ್ಣ.

ಹೊಳೆಬಾಗಿಲು (ಹೋಗಿಬಂದ ಮೇಲೆ):
ವಾಪಸ್ ಬಂದು ವಾರ ಆಯ್ತು, ವರದಿ ತಡವಾಯ್ತು.

ಶುಕ್ರವಾರ ಮಳೆ. ಊರಿನ ಹಳೇ ಕೋಟೆಗೋಡೆ ಮುಸೆಗ್ ಹತ್ತೋ ಯೋಚನೆ ಮೊದಲೇ ಬಿಟ್ಟಿದ್ವಿ. ಮಧ್ಯಾಹ್ನ ನದಿ ದಂಡೆಯಲ್ಲಿ ಕೊಡೆ ಹಿಡಿದು ನಿಂತಾಗ ಆ ಗೋಡೆಯ ಗೋಪುರದ ಗಡಿಯಾರ ಬಾರಿಸಿತು, ಒಂದು ನಿಮಿಷ ಬಿಟ್ಟು ಉಳಿದವೆಲ್ಲ ಬಾರಿಸಿದವು. ಅಪ್ಪ ಕೈಗಡಿಯಾರ ತಟ್ಟಿ ನೋಡ್ಕೊಂಡ್ರು. 1535ರ ಆ ಗಡಿಯಾರಕ್ಕೆ ಎಲ್ಲಕ್ಕಿಂತ ಒಂದು ನಿಮಿಷ ಮೊದಲು ಹೊಡೆಯೋ ಹಕ್ಕಿದೆಯಂತೆ. "ಹಿರಿಯರಿಗೆ ಕೊಡೋ ಮರ್ಯಾದೆ" ಅಂದ್ರು ಅಮ್ಮ.

ಸೂಜಿ ಅಣೆಕಟ್ಟಿನ ಹತ್ತಿರ ಮುಕ್ಕಾಲು ಗಂಟೆ. ಅಪ್ಪ ಹಲಗೆ ಎಣಿಸೋಕೆ ಶುರು ಮಾಡಿ, ಎರಡು ಸಲ ತಪ್ಪಿ, ಮೂರನೇ ಸಲ ನನ್ನನ್ನ ಮಾತಾಡಬೇಡ ಅಂದ್ರು. ನೀರು ಎಷ್ಟು ಹಸಿರು, ಎಷ್ಟು ತಿಳಿ ಅಂದ್ರೆ ತಳದ ಕಲ್ಲು ಕಾಣ್ತಿತ್ತು. ಅಮ್ಮ ಸ್ಪ್ರಾಯರ್ ಸೇತುವೆಯ ಚಿತ್ರಗಳಿಗೆ ಹೆದರ್ತಾರೆ ಅಂದ್ಕೊಂಡಿದ್ದೆ. ಒಂದೊಂದರ ಕೆಳಗೂ ನಿಂತು, "ನೋಡು, ಇವನ ಕಿರೀಟ ಅಲ್ಲೇ ಬಿತ್ತು" ಅಂತ ನಿಧಾನಕ್ಕೆ ನೋಡಿದ್ರು.

ಶನಿವಾರ ಬಿಸಿಲು. ಬೆಳಿಗ್ಗೆ ನದಿ ಪಕ್ಕ ಸಂತೆ ಇತ್ತು, ಅಮ್ಮ ಪ್ಲಮ್ ಹಣ್ಣು ಕೊಂಡ್ರು, ಚೌಕಾಸಿ ಮಾಡೋಕೆ ಆಗದೆ ಒದ್ದಾಡಿದ್ರು. ಆಮೇಲೆ ಹಡಗು. ನಮಗೆ ಸಿಕ್ಕಿದ್ದು 1901ರದ್ದೇ. ಹೆಸರು 'ಉರಿ'. ಅದು ಸೀಮೆಯ ಹೆಸರು ಅಂತ ನಾನು ವಿವರಿಸೋದರೊಳಗೆ ಅಮ್ಮ ನಕ್ಕು ಸಾಕಾಗಿ, "ಉಗಿ ಹಡಗಿಗೆ ಉರಿ ಅನ್ನದೆ ಇನ್ನೇನು ಅಂತಾರೆ" ಅಂದ್ರು. ಅಪ್ಪ ಇಂಜಿನ್ ಕೋಣೆಯ ಕಂಬಿ ಬಿಡಲಿಲ್ಲ. ಹಡಗು ಕಟ್ಟಿದ್ದು ವಿಂಟರ್‌ಟೂರ್‌ನ ಸುಲ್ಜರ್ ಕಂಪನಿ ಅಂತ ತಿಳಿದು, ಪಂಪುಗಳ ಮೇಲೆ ಓದಿ ಗೊತ್ತಿದ್ದ ಹೆಸರು ಅಂತ ಯಾರಿಗೆ ಹೇಳಲಿ ಅನ್ನೋ ಹಾಗೆ ಸುತ್ತ ನೋಡಿದ್ರು. ಕೆಳಗಿದ್ದ ಇಂಜಿನ್ ಕೆಲಸಗಾರ ತಲೆ ಎತ್ತಿದ. ಅಪ್ಪ ಕೈಯಲ್ಲಿ ಕ್ರ್ಯಾಂಕ್ ತಿರುಗಿಸೋ ಸನ್ನೆ ಮಾಡಿದ್ರು, ಅವನು ಹೆಬ್ಬೆರಳು ಎತ್ತಿದ. ಮೂವತ್ತು ವರ್ಷ ಟರ್ಬೈನ್ ಸದ್ದಲ್ಲಿ ಕೆಲಸ ಮಾಡಿದವರು, ಸನ್ನೆಯಲ್ಲೇ ಮಾತಾಡೋದು ಅವರಿಗೆ ಹೊಸದೇನಲ್ಲ.

ಅಮ್ಮ ಮೇಲೆ ಬಿಸಿಲಲ್ಲಿ ಕೂತು ಚಪ್ಪಲಿ ಬಿಚ್ಚಿ ಕಾಲು ಚಾಚಿದ್ರು. ಸಿಗಂದೂರಿಗೆ ಹೋಗೋ ಲಾಂಚ್ ನೆನೆಸ್ಕೊಂಡ್ರು. ಈಗ ಸೇತುವೆ ಆಯ್ತು, ಹತ್ತು ನಿಮಿಷದಲ್ಲಿ ದಾಟ್ತಾರೆ, ಲಾಂಚ್‌ಗೆ ಕಾಯೋವಾಗ ಸಿಗ್ತಿದ್ದ ನೆಂಟರು ಈಗ ಸಿಗಲ್ಲ ಅಂದ್ರು. ಫ್ಲುಎಲೆನ್ ಬಂದಾಗ, "ಇಳೀಲೇಬೇಕಾ?" ಅಂತ ಕೇಳಿದ್ರು. ಇಳಿಯಲಿಲ್ಲ. ರೈಲು ಬಿಟ್ಟು ಅದೇ ಹಡಗಲ್ಲಿ ವಾಪಸ್ ಬಂದ್ವಿ.

ಭಾನುವಾರ ರಿಗಿ ಅಂತಿತ್ತು, ಹೋಗಲಿಲ್ಲ. ಸಂಜೆ ರೈಲು ಇತ್ತು, ಚೀಲ ಸ್ಟೇಷನ್ ಲಾಕರ್‌ನಲ್ಲಿಟ್ಟು, ದಂಡೆಯ ಸಾಲುಮರಗಳ ಕೆಳಗೆ ಬೆಂಚಲ್ಲಿ ಕೂತು ಬ್ರೆಡ್ಡು ಚಟ್ನಿಪುಡಿ ತಿಂದ್ವಿ. ಪಾಸ್ ತಗೊಳ್ಳದೆ ಇದ್ದಿದ್ದು ಒಳ್ಳೇದಾಯ್ತು.

ಕಾಲಿಗೆಚಕ್ರ:
ಒಂದೂ ಬೆಟ್ಟ ಹತ್ತದೆ ಸ್ವಿಟ್ಜರ್ಲ್ಯಾಂಡ್‌ನಿಂದ ಬಂದಿರಾ!

ಹೊಳೆಬಾಗಿಲು:
ಹೌದು. ಅಮ್ಮ ಪಕ್ಕದ ಮನೆಯವರಿಗೆ ಫೋನಲ್ಲಿ ಹೇಳ್ತಿದ್ರು, "ಬೆಟ್ಟ ಎಲ್ಲಾ ನೋಡಿದ್ವಿ, ಕೆಳಗಿಂದ."

ಕಾಲಿಗೆಚಕ್ರ:
😄 ಸರಿ, ಒಂದು ಪ್ರಶ್ನೆ. ನಮ್ಮ ಅತ್ತೆ ಮಾವ ಡಿಸೆಂಬರ್‌ಗೆ ಬರ್ತಿದ್ದಾರೆ. ಮಾವನಿಗೆ ಸ್ವಲ್ಪ ಹಾರ್ಟ್ ತೊಂದರೆ. ಆ ಹಡಗು ಚಳಿಗಾಲದಲ್ಲೂ ಓಡುತ್ತಾ?

ರಾಯ್ಸ್‌ದಂಡೆ:
ಕೆರೆಯಲ್ಲಿ ಹಡಗು ಓಡ್ತವೆ, ಕಡಿಮೆ. ಆಗ ಕೆರೆ ಮೇಲೆ ದಿನಗಟ್ಟಲೆ ಮಂಜು ಕವುಚಿಕೊಂಡಿರ್ತದೆ, ಹಡಗಿನಿಂದ ಎದುರಿನ ದಡವೂ ಕಾಣಲಿಕ್ಕಿಲ್ಲ. ಅಂಥ ದಿನ ರಿಗಿಯ ಕ್ಯಾಮೆರಾ ಮೊಬೈಲಲ್ಲಿ ನೋಡಿ. ಕೆಳಗೆ ಬೂದು ಬಣ್ಣ ಇದ್ದಾಗ ಎಷ್ಟೋ ಸಲ ಮೇಲೆ ಬಿಸಿಲು ಇರ್ತದೆ, ಮಂಜೇ ಸಮುದ್ರದ ಹಾಗೆ ಕಾಣ್ತದೆ. ಮಾವನ ಡಾಕ್ಟರ್ ಒಪ್ಪಿದರೆ ವಿಟ್ಸ್‌ನೌದಿಂದ ರೈಲಿನಲ್ಲಿ ಹೋಗಿ, ಅದರಲ್ಲೇ ವಾಪಸ್ ಬನ್ನಿ. ಅದೇ ದಿನ ಟಿಟ್ಲಿಸ್ ಸೇರಿಸಬೇಡಿ ಮಾರಾಯ್ರೆ.